ಹೆಂಗಸರ ಸಭೆಯ ಹದಿನೇಳನೆಯ ಕಟ್ಟಳೆ

ರೋಮ್
ಫೆಬ್ರವರಿಯ ನಡುದಿನ ಇಡಸ್‌ಗೆ ಮೂರು ದಿನ ಮೊದಲು

ಟರೆಂಟಂನಲ್ಲಿರುವ ತಂಗಿ ಪೌಲ್ಲಾಳಿಗೆ ಅಕ್ಕ ನೆರಾಟಿಯಾಳ ಆಶೀರ್ವಾದ.

ಒಂದು ವರ್ಷದಿಂದ ಕಾಗದ ಬರೆಯದವಳು ಇವತ್ತು ಯಾಕೆ ಬರೆದಳು ಎಂದು ನೀನು ಹುಬ್ಬೇರಿಸುತ್ತೀಯ, ಗೊತ್ತು. ನನಗೆ ಬಸವನಹುಳು ಬೇಕಾಗಿವೆ. ಮುನ್ನೂರು. ಹಾಲು ಕುಡಿಸಿ ಕೊಬ್ಬಿಸಿದಂಥವು. ಯಾಕೆ ಎಂಬುದನ್ನು ಮೊದಲಿನಿಂದ ಹೇಳಿದರೇ ಸರಿ.

ಮುದುಕಿ ಸೋಸಿಯಾ ತೀರಿಕೊಂಡಳು. ಎಂಬತ್ತೊಂದು ವರ್ಷ, ಸುಖವಾದ ಸಾವು, ಅಳುವಂಥದ್ದೇನಿಲ್ಲ. ನಿದ್ದೆ ಕೆಡಿಸಿರುವುದು ಅವಳ ಕುರ್ಚಿ. ಕ್ವಿರಿನಾಲ್ ಗುಡ್ಡದ ಮೇಲೆ ನಮ್ಮ ಹೆಂಗಸರ ಸಭೆ ಸೇರುತ್ತದಲ್ಲ, ಅಲ್ಲಿ ದೊಡ್ಡಮ್ಮನ ಬಲಗಡೆಯ ಮೊದಲ ಕುರ್ಚಿ. ದೊಡ್ಡಮ್ಮ ಎಂದರೆ ಚಕ್ರವರ್ತಿಗಳ ಸೋದರತ್ತೆ. ಈಗ ಎಲ್ಲರೂ ಅವರನ್ನು ಹಾಗೆಯೇ ಕರೆಯುವುದು, ನೀನು ಊರು ಬಿಟ್ಟ ಮೇಲೆ ಬಂದ ರೂಢಿ. ಗಂಡಸರ ಸಭೆ ಯುದ್ಧ, ತೆರಿಗೆ ಎಂದು ಹೊಡೆದಾಡಿಕೊಳ್ಳಲಿ. ಯಾವ ಹೆಂಗಸು ಯಾವ ಪಲ್ಲಕ್ಕಿಯಲ್ಲಿ ಕೂರಬೇಕು, ಚರ್ಮದ್ದೋ, ಮೂಳೆಯದ್ದೋ, ದಂತದ್ದೋ, ಬೆಳ್ಳಿಯದ್ದೋ, ಯಾರ ಚಪ್ಪಲಿಗೆ ಮುತ್ತು ಪೋಣಿಸಬಹುದು, ಇಬ್ಬರು ಎದುರಾದರೆ ಯಾರು ಮುಂದೆ ಹೆಜ್ಜೆಯಿಟ್ಟು ಯಾರ ಕೆನ್ನೆಗೆ ಮುತ್ತಿಡಬೇಕು, ಇದೆಲ್ಲ ತೀರ್ಮಾನವಾಗುವುದು ನಮ್ಮಲ್ಲಿ. ಚಪ್ಪಲಿಯ ಮುತ್ತು, ಕೆನ್ನೆಯ ಮುತ್ತು ಎರಡೂ ನಮ್ಮ ಕೈಯಲ್ಲೇ. ಮೊದಲ ಕುರ್ಚಿಯವಳು ಮಾತ್ರ ಯಾರ ಮುಂದೆಯೂ ಹೆಜ್ಜೆಯಿಡಬೇಕಾಗಿಲ್ಲ. ಎಲ್ಲರೂ ಅವಳ ಬಳಿಗೇ ಬರಬೇಕು.

ಆ ಕುರ್ಚಿ ನನ್ನದಾಗಬೇಕು. ಇಪ್ಪತ್ತು ವರ್ಷದಿಂದ ಕಾದಿದ್ದೇನೆ. ಅಡ್ಡ ನಿಂತಿರುವವಳು ವೆಡಿಯಾ ಒಬ್ಬಳೇ.

ಅವಳ ಗಂಡನೂ ನಮ್ಮವರೂ ಒಂದೇ ವರ್ಷ ರಾಜ್ಯದ ಅತಿ ದೊಡ್ಡ ಪದವಿಗೇರಿ ಕಾನ್ಸುಲ್ ಆದವರು. ನಮ್ಮವರು ಜನವರಿಯಲ್ಲಿ ಬಂದರು, ಆ ವರ್ಷಕ್ಕೇ ಅವರ ಹೆಸರಿಟ್ಟರು. ಅವಳ ಗಂಡ ಜುಲೈನಲ್ಲಿ ಬಂದು ಉಳಿದ ಆರು ತಿಂಗಳು ಜಾಗ ಬೆಚ್ಚಗಿಟ್ಟವನು. ಇಬ್ಬರೂ ಈಗಿಲ್ಲ, ಜಗಳ ಮಾತ್ರ ಉಳಿದಿದೆ. "ನಮ್ಮವರು ಆಮೇಲೆ ಎರಡು ಪ್ರಾಂತ್ಯ ಆಳಿದರು" ಎಂದು ಅವಳ ವಾದ. ಹೋದ ವಾರ ಒಂದು ಮದುವೆಯಲ್ಲಿ ಎದುರುಬದುರಾದೆವು.

"ಬನ್ನಿ ನೆರಾಟಿಯಾ, ಯಾಕೆ ಅಲ್ಲೇ ನಿಂತ್ರಿ?" ಎಂದಳು.

"ನೀವೇ ಬರ್ತೀರೇನೋ ಅಂತ ಕಾಯ್ತಿದ್ದೆ."

"ಮಂಡಿ ನೋವು ಕಣ್ರೀ. ಮುಂದಕ್ಕೆ ಹೆಜ್ಜೆ ಇಡೋಕೇ ಆಗಲ್ಲ."

"ಅಯ್ಯೋ ಪಾಪ. ನನಗೂ ಅದೇ ಮಂಡಿ."

ಮದುವಣಗಿತ್ತಿ ಹೊಸಿಲು ದಾಟಿ ಒಳಗೆ ಹೋದಳು, ಜನ ಅಕ್ರೋಟು ಎರಚಿ ಮುಗಿಸಿದರು, ನಾವಿಬ್ಬರೂ ನೆಟ್ಟ ಕಂಬದ ಹಾಗೆ ಅಲ್ಲೇ ನಿಂತಿದ್ದೆವು. ಕೊನೆಗೆ ಮಳೆ ಬಂತು, ಇಬ್ಬರೂ ಒಟ್ಟಿಗೇ ಓಡಿದೆವು. ಇಬ್ಬರ ಮಂಡಿಯೂ ಚೆನ್ನಾಗಿಯೇ ಓಡಿದವು.

ದೊಡ್ಡಮ್ಮ ಆಗಸ್ಟ್ ಮೊದಲ ದಿನ ಹೆಸರು ಹೇಳುತ್ತಾರೆ. ಅವರಿಗೆ ಬಸವನಹುಳು ಎಂದರೆ ಪ್ರಾಣ. ಏಪ್ರಿಲ್‌ನಲ್ಲಿ ಒಂದು ಔತಣ ಮಾಡಬೇಕೆಂದಿದ್ದೇನೆ. ನಿನ್ನ ಯಜಮಾನರಿಗೆ ದಂಡಿನಿಂದ ನಿವೃತ್ತರಾದವರೆಲ್ಲ ಗೊತ್ತು. ಒಳ್ಳೆಯ ಹುಳ ಸಾಕುವವರು ಯಾರಾದರೂ ಇದ್ದರೆ ತಿಳಿಸು.

ಮಕ್ಕಳಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ
ನೆರಾಟಿಯಾ


ಟರೆಂಟಂ
ತಿಂಗಳು ಹುಟ್ಟುವ ಮಾರ್ಚ್ ಕಲೆಂಡ್ಸ್‌ನ ದಿನ

ಅಕ್ಕಾ,

ನಿನ್ನ ಮುದ್ರೆ ನೋಡಿದಾಗ ಯಾರು ಹೋದರೋ ಎಂದು ಅವಸರವಾಗಿ ಬಿಚ್ಚಿದೆ. ಬಸವನಹುಳು ಎಂದು ಓದಿದ ಮೇಲೆ ನಮ್ಮವರನ್ನು ಕೂಗಿ ಕರೆದು ಇನ್ನೊಂದು ಸಲ ಗಟ್ಟಿಯಾಗಿ ಓದಿದೆ. "ನಿಮ್ಮಮ್ಮ ಹೋದ ಮೇಲೆ ಒಂಬತ್ತು ವರ್ಷದಲ್ಲಿ ನಿಮ್ಮಕ್ಕ ನಮ್ಮನ್ನ ಕೇಳಿದ ಮೊದಲ ಸಹಾಯ ಇದು, ಇಲ್ಲ ಅನ್ನೋದು ಹೇಗೆ" ಎಂದು ಅವರು ಬಹಳ ಹೊತ್ತು ನಕ್ಕರು.

ಮೆಟ್ಟಿಯಸ್ ಎಂಬವರೊಬ್ಬರಿದ್ದಾರೆ. ನಮ್ಮವರ ಕೈಕೆಳಗೆ ಡ್ಯಾನ್ಯೂಬ್ ತೀರದಲ್ಲಿ ನೂರು ಆಳುಗಳ ನಾಯಕರಾಗಿದ್ದವರು. ಈಗ ನಿಮ್ಮ ರೋಮಿನ ಹೊರಗೇ ಅಪ್ಪಿಯಾ ರಸ್ತೆಯಲ್ಲಿ ಎರಡನೆಯ ಮೈಲಿಗಲ್ಲಿನ ಹತ್ತಿರ ಬಸವನಹುಳದ ತೋಟ ಮಾಡಿಕೊಂಡಿದ್ದಾರೆ. ಹೆಂಡತಿ ಸತ್ತು ಬಹಳ ಕಾಲವಾಯಿತು. ಒಳ್ಳೆಯ ಮನುಷ್ಯ. ಒಂದೇ ತೊಂದರೆ, ಅವರಿಗೆ ಹೊಗಳಲು ಬರುವುದಿಲ್ಲ. ನಿನಗೋ ಅದಿಲ್ಲದಿದ್ದರೆ ಊಟ ಸೇರುವುದಿಲ್ಲ.

ನನ್ನ ಪಲ್ಲಕ್ಕಿ ಯಾವುದೆಂದು ನೀನು ಕೇಳಲಿಲ್ಲ. ದಳಪತಿಯ ಕೈಹಿಡಿದ ದಿನವೇ ನನ್ನ ಪಟ್ಟ ಹೋಯಿತಲ್ಲ, ಈಗ ಮೀನಿನ ಬುಟ್ಟಿ ಹಿಡಿದು ಬಂದರಿಗೆ ನಡೆದೇ ಹೋಗುತ್ತೇನೆ. ಮಂಡಿ ಬಹಳ ಚೆನ್ನಾಗಿದೆ.

ನಿನ್ನ ಪುಟ್ಟಿ
ಪೌಲ್ಲಾ


ರೋಮ್
ಏಪ್ರಿಲ್ ಕಲೆಂಡ್ಸ್‌ಗೆ ಐದು ದಿನ ಮೊದಲು

ಪುಟ್ಟಿ,

ನಿನ್ನ ಮೆಟ್ಟಿಯಸ್‌ನಲ್ಲಿಗೆ ಹೋಗಿ ಬಂದೆ. ಬೆಳ್ಳಿ ಪಲ್ಲಕ್ಕಿಯಲ್ಲೇ ಹೋದೆ, ಎಂಟು ಜನ ಬೋವಿಗಳಿಗೂ ಹೊಸ ಅಂಗಿ ತೊಡಿಸಿ. ಅವನ ಬೇಲಿಯ ಸಂದಿಯಲ್ಲಿ ಪಲ್ಲಕ್ಕಿ ಹಿಡಿಸಲಿಲ್ಲ. ಇಳಿದು ಕೆಸರಿನಲ್ಲಿ ನಡೆಯಬೇಕಾಯಿತು.

ಐವತ್ತೈದರ ಗಂಡಸು. ಒಂದು ಕಿವಿಯ ತುದಿ ಇಲ್ಲ. ನಮಸ್ಕಾರ ಮಾಡಲು ನೋಡಿದ, ಎರಡೂ ಕೈ ತುಂಬ ಹುಳ ಇದ್ದವು.

"ಮುನ್ನೂರು ಬೇಕು. ಏಪ್ರಿಲ್ ಹತ್ತನೇ ದಿನಕ್ಕೆ" ಎಂದೆ.

"ಆಗಲ್ಲ ಅಮ್ಮಾವ್ರೇ."

"ಯಾಕಾಗಲ್ಲ? ಕೇಳಿದಷ್ಟು ಕೊಡ್ತೀನಿ."

"ನೀವು ಕೊಡ್ತೀರಿ, ಹುಳ ಮಾತು ಕೇಳ್ಬೇಕಲ್ಲ. ಈಗ ತಾನೇ ಚಳಿಗಾಲದ ನಿದ್ದೆ ಬಿಟ್ಟು ಎದ್ದಿವೆ. ಮೊದಲು ತವುಡು, ಆಮೇಲೆ ಕಾಯಿಸಿದ ದ್ರಾಕ್ಷಿರಸ, ಕೊನೇಲಿ ಹಾಲು. ಏಪ್ರಿಲ್ ಕೊನೆಗೆ ಬನ್ನಿ."

"ನಾನು ಯಾರು ಅಂತ ಗೊತ್ತೇನಪ್ಪ?"

"ಗೊತ್ತು ಬಿಡಿ. ನಮ್ಮ ಪೌಲ್ಲಮ್ಮನವರ ಅಕ್ಕ."

ರೋಮಿನಲ್ಲಿ ನನ್ನನ್ನು ಯಾರೂ ಹಾಗೆ ಗುರುತಿಸಿದ್ದಿಲ್ಲ. ಕೋಪ ಬರಬೇಕಿತ್ತು. ಯಾಕೋ ಬರಲಿಲ್ಲ.

ಆಮೇಲೆ ತೋಟ ತೋರಿಸಿದ. ಹುಳಗಳ ಜಾಗದ ಸುತ್ತ ಒಂದು ಸಣ್ಣ ಕಾಲುವೆ ತೋಡಿದ್ದಾನೆ. ಅವಕ್ಕೆ ಈಜು ಬಾರದು, ಹಾಗಾಗಿ ಎಲ್ಲಿಗೂ ಹೋಗುವುದಿಲ್ಲ. ಹಾಲಿನ ಮಡಕೆಯಿಂದ ಒಂದನ್ನು ಎತ್ತಿ ನನ್ನ ಅಂಗೈಗೆ ಹಾಕಿದ. "ಇದನ್ನ ನೋಡಿ, ತಿಂದೂ ತಿಂದೂ ಎಷ್ಟು ದಪ್ಪ ಆಗಿದೆ ಅಂದ್ರೆ ತನ್ನ ಮನೆ ಒಳಕ್ಕೆ ತಾನೇ ಹೋಗೋಕಾಗಲ್ಲ."

"ನಮ್ಮ ಸಭೇಲೂ ಒಬ್ಬರಿದ್ದಾರೆ" ಎಂದೆ.

ಅವನು ನಕ್ಕ. ನಾನೂ ನಕ್ಕೆ. ನನ್ನ ನಗು ಕೇಳಿದ ಅಭ್ಯಾಸವಿಲ್ಲದ ಬೋವಿಗಳು ಏನಾಯಿತೋ ಎಂದು ಬೇಲಿಯ ಮೇಲಿಂದ ಇಣುಕಿದರು.

ಹುಳಗಳು ಹೇಗೆ ಬೆಳೆಯುತ್ತಿವೆ ಎಂದು ನೋಡಿಕೊಳ್ಳಲು ಆಮೇಲೂ ಎರಡು ಸಲ ಹೋಗಿದ್ದೆ. ಇಂಥ ಕೆಲಸವನ್ನು ಇನ್ನೊಬ್ಬರಿಗೆ ಬಿಡಲಾಗುವುದಿಲ್ಲ.

ಇನ್ನು ಮುಖ್ಯ ವಿಷಯ. ನನ್ನ ತಲೆ ಬಾಚುವವಳೂ ವೆಡಿಯಾಳ ತಲೆ ಬಾಚುವವಳೂ ಅಕ್ಕತಂಗಿಯರು. ವೆಡಿಯಾಳಿಗೆ ಓಸ್ಟಿಯಾ ಬಂದರಿನ ಒಬ್ಬ ಗೋಧಿ ಹಡಗಿನವನ ಜೊತೆ ಸ್ನೇಹವಂತೆ. ಮದುವೆಯೂ ಆಗಬಹುದಂತೆ. ಪಟ್ಟವಿಲ್ಲದ ಮನುಷ್ಯ. ಕೇಳಿದವಳಿಗೆ ಕುಣಿಯುವಂತಾಯಿತು. ಮುಂದಿನ ಸಭೆಗೆ ನಾನೊಂದು ಕಟ್ಟಳೆ ತರುತ್ತಿದ್ದೇನೆ, ಹದಿನೇಳನೆಯದು. ಓದು:

"ಕಾನ್ಸುಲನ ವಿಧವೆಯು ಕೆಳಗಿನ ಪಟ್ಟದವನನ್ನು ಮದುವೆಯಾದರೆ ಆ ದಿನವೇ ಹೊಸ ಗಂಡನ ಪಟ್ಟಕ್ಕೆ ಇಳಿಯತಕ್ಕದ್ದು. ಕುರ್ಚಿ, ಪಲ್ಲಕ್ಕಿ, ಚಪ್ಪಲಿಯ ಮುತ್ತು, ಕೆನ್ನೆಯ ಮುತ್ತು ಎಲ್ಲವನ್ನೂ ಬಿಡತಕ್ಕದ್ದು."

ಹೇಗಿದೆ? ಅವಳು ಹಡಗಿನವನನ್ನು ಕಟ್ಟಿಕೊಂಡರೆ ಕುರ್ಚಿ ನನಗೆ. ಕಟ್ಟಿಕೊಳ್ಳದಿದ್ದರೆ ಒಬ್ಬಳೇ ಕೊರಗಲಿ.

ಚಳಿ ಹೋಗುವಾಗ ನಿನಗೆ ಬರುವ ಕೆಮ್ಮಿಗೆ ಜೇನು ತಗೋ, ಅಸಡ್ಡೆ ಮಾಡಬೇಡ.

ನೆರಾಟಿಯಾ


ಟರೆಂಟಂ
ಏಪ್ರಿಲ್ ಇಡಸ್‌ನ ಹಿಂದಿನ ದಿನ

ಅಕ್ಕಾ,

ಮುನ್ನೂರು ಹುಳಕ್ಕೆ ಮೂರು ಸಲ ಹೋದೆಯಾ? ನಾನು ನನ್ನ ಕುರಿಗಳನ್ನೇ ಅಷ್ಟು ಸಲ ನೋಡುವುದಿಲ್ಲ. ಅವಕ್ಕೀಗ ಉಣ್ಣೆ ಕೊಳೆಯಾಗದಿರಲಿ ಎಂದು ಚರ್ಮದ ಅಂಗಿ ತೊಡಿಸುವ ಕಾಲ. ಅಂಗಿ ತೊಟ್ಟು ಸಾಲಾಗಿ ಹೊರಟರೆ ನಿಮ್ಮ ಸಭೆಯೇ ಬಂದ ಹಾಗಿರುತ್ತದೆ.

ಆ ಕಟ್ಟಳೆ ಬೇಡ. ವೆಡಿಯಾ ನನಗೇನೂ ಆಗಬೇಕಿಲ್ಲ. ಆದರೆ ಅದನ್ನು ಓದುವಾಗ ಅದು ಅವಳೊಬ್ಬಳಿಗೇ ಬರೆದದ್ದೆಂದು ನನಗೆ ಅನ್ನಿಸಲಿಲ್ಲ. ಇರಲಿ, ಈ ಕಾಗದ ಸಭೆಗೆ ಮುಂಚೆ ಮುಟ್ಟುತ್ತದೋ ಇಲ್ಲವೋ.

ಮೆಟ್ಟಿಯಸ್‌ರಿಗೆ ನಮ್ಮ ನಮಸ್ಕಾರ ಹೇಳು. ನಾಲ್ಕನೆಯ ಸಲ ಹೋದಾಗ.

ಪೌಲ್ಲಾ


ರೋಮ್
ಮೇ ಕಲೆಂಡ್ಸ್‌ನ ಮಾರನೆಯ ದಿನ

ಪುಟ್ಟಿ,

ನಿನ್ನ ಕಾಗದ ತಡವಾಗಿ ಬಂತು. ಕಟ್ಟಳೆ ಆಗಿಹೋಯಿತು, ಒಬ್ಬರೂ ವಿರೋಧಿಸಲಿಲ್ಲ. ವಿಚಿತ್ರವೆಂದರೆ ಎಲ್ಲರಿಗಿಂತ ಮೊದಲು ಕೈಯೆತ್ತಿದವಳು ವೆಡಿಯಾ. ಮುಖದಲ್ಲಿ ಒಂದು ಗೆರೆ ಕೂಡ ಕದಲಲಿಲ್ಲ. ಹಡಗಿನವನ ಸುದ್ದಿ ಸುಳ್ಳಿರಬೇಕು. ತಲೆ ಬಾಚುವವರ ಮಾತು ನಂಬಿ ಒಂದು ಕಟ್ಟಳೆ ವ್ಯರ್ಥವಾಯಿತು.

ಔತಣ ಮಾತ್ರ ಊರೆಲ್ಲ ಮಾತಾಡುವ ಹಾಗಾಯಿತು. ಹುಳ ಹುರಿಯುವುದು ನಮ್ಮ ಅಡುಗೆಯವರಿಗೆ ಬಾರದೆಂದು ಮೆಟ್ಟಿಯಸ್‌ನೇ ಬಂದು ಒಲೆಯ ಮುಂದೆ ನಿಂತ. ಎಣ್ಣೆಯಲ್ಲಿ ಹುರಿದು, ಮೇಲೆ ಉಪ್ಪು ಮೀನಿನ ರಸ, ಒಂದಿಷ್ಟು ಮೆಣಸು. ದೊಡ್ಡಮ್ಮ ಮೂವತ್ತೊಂದು ತಿಂದರು. ಅವನನ್ನು ಕರೆಸಿ, "ಏನಪ್ಪಾ ಮಾಡ್ತೀಯ ಇವಕ್ಕೆ, ಬೆಣ್ಣೆ ಥರಾ ಇವೆ?" ಎಂದು ಕೇಳಿದರು.

"ಏನೂ ಇಲ್ಲ ತಾಯಿ. ಅವಸರ ಮಾಡಲ್ಲ, ಅಷ್ಟೇ."

ಆಗಲೇ ಅನಾಹುತವಾದದ್ದು. ಮಡಕೆಯಿಂದ ತಪ್ಪಿಸಿಕೊಂಡ ಒಂದು ಹುಳ ಹಜಾರದ ಗೋಡೆ ಹತ್ತಿದೆ. ಅಲ್ಲಿ ಹಿರಿಯರ ಮೇಣದ ಮುಖಗಳನ್ನು ಸಾಲಾಗಿ ಇಟ್ಟಿದ್ದೇವಲ್ಲ, ಅದರಲ್ಲಿ ಸರಿಯಾಗಿ ನಮ್ಮ ಯಜಮಾನರ ಮೂಗಿನ ಮೇಲೆ ಕೂತಿದೆ. ಮೊದಲು ನೋಡಿದವಳು ವೆಡಿಯಾ. "ನೆರಾಟಿಯಾ, ನಿಮ್ಮವರಿಗೆ ನೆಗಡಿ ಆಗಿದೆ" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮೆಟ್ಟಿಯಸ್ ನೆಟ್ಟಗೆ ಹೋಗಿ, ಸಿಪಾಯಿಯ ಹಾಗೆ ನಿಂತು, ಮೇಣದ ಮುಖಕ್ಕೆ ವಂದನೆ ಮಾಡಿ, "ತಪ್ಪಾಯ್ತು ಸ್ವಾಮಿ, ಹೊಸ ಆಳು, ಶಿಸ್ತು ಕಲಿತಿಲ್ಲ" ಎಂದು ಹುಳವನ್ನು ಬಿಡಿಸಿಕೊಂಡ. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ವೆಡಿಯಾ ಕೂಡ ನಕ್ಕಳು, ಅವಳ ಹಲ್ಲು ಇಷ್ಟು ಚೆನ್ನಾಗಿವೆ ಎಂದು ನನಗೆ ಗೊತ್ತಿರಲಿಲ್ಲ.

ಕುರ್ಚಿ ನನಗೇ ಎಂದು ಎಲ್ಲರೂ ಹೇಳುತ್ತಿದ್ದಾರೆ. ತೋಟಕ್ಕೆ ನಿನ್ನೆ ಹೋಗಿದ್ದೆ, ಮಡಕೆಗಳನ್ನು ಹಿಂತಿರುಗಿಸಲು.

ಸಂತೋಷದಲ್ಲಿದ್ದೇನೆ. ನೀನೂ ಹಾಗೇ ಇರು.

ನೆರಾಟಿಯಾ


ರೋಮ್
ಜೂನ್ ಇಡಸ್‌ಗೆ ನಾಲ್ಕು ದಿನ ಮೊದಲು

ಪುಟ್ಟಿ,

ಮೆಟ್ಟಿಯಸ್ ಕೇಳಿದ.

"ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ ನೆರಾಟಿಯಮ್ಮ. ನೀವು ಹುಳ ನೋಡೋಕೆ ಬರ್ತೀರಾ, ನನ್ನ ನೋಡೋಕೆ ಬರ್ತೀರಾ?"

"ಹುಳ" ಎಂದೆ.

"ಹುಳ ಏಪ್ರಿಲ್‌ನಲ್ಲೇ ಖಾಲಿ ಆದ್ವಲ್ಲ" ಎಂದ.

ಹದಿನೇಳನೆಯ ಕಟ್ಟಳೆಯನ್ನು ಬಾಯಿಪಾಠ ಒಪ್ಪಿಸಿದೆ. ಪೂರ್ತಿ ಕೇಳಿದ. "ಚೆನ್ನಾಗಿ ಬರೆದಿದ್ದೀರ, ಎಲ್ಲೂ ಸಂದಿ ಬಿಟ್ಟಿಲ್ಲ" ಎಂದ. ಆಮೇಲೆ ಕಾಲುವೆಯ ಕಸ ತೆಗೆಯಲು ಹೋದ. ಸಿಟ್ಟು ಮಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಗುವುದಿಲ್ಲ ಎಂದು ಹೇಳಿ ಬಂದಿದ್ದೇನೆ. ಇನ್ನೇನು ಐವತ್ತು ದಿನದಲ್ಲಿ ಕುರ್ಚಿ ಸಿಗುತ್ತದೆ. ಇಪ್ಪತ್ತು ವರ್ಷ ಇದಕ್ಕಾಗಿಯೇ ಬದುಕಿದ್ದು. ನಾನು ಮಾಡಿದ್ದು ಸರಿ ಎಂದು ಒಂದು ಸಾಲು ಬರೆದು ಕಳಿಸು.

ನೆರಾಟಿಯಾ


ಟರೆಂಟಂ
ಜುಲೈ ಕಲೆಂಡ್ಸ್‌ಗೆ ನಾಲ್ಕು ದಿನ ಮೊದಲು

ಅಕ್ಕಾ,

ಆ ಸಾಲು ಬರೆಯಲಾರೆ.

ಒಂಬತ್ತು ವರ್ಷದಿಂದ ಹೇಳದೇ ಇದ್ದದ್ದನ್ನು ಈಗ ಹೇಳುತ್ತೇನೆ, ಓದಿ ಬೇಕಾದರೆ ಸುಟ್ಟುಬಿಡು. ಅಮ್ಮನಿಗೆ ತೀರಾ ಕಾಯಿಲೆ ಎಂದು ತಿಳಿದು ಇಲ್ಲಿಂದ ಹದಿಮೂರು ದಿನ ಗಾಡಿಯಲ್ಲಿ ಬಂದೆ, ಬರುವಷ್ಟರಲ್ಲಿ ಅಮ್ಮ ಹೋಗಿದ್ದಳು. ಚಿತೆಯ ಹತ್ತಿರ ನೀನು ನಿಂತಿದ್ದೆ. ನಾನು ಬಂದದ್ದನ್ನು ನೋಡಿದೆ. ಕದಲಲಿಲ್ಲ. ನಿನ್ನ ಸುತ್ತ ಆ ಹೆಂಗಸರೆಲ್ಲ ಇದ್ದರು, ದಳಪತಿಯ ಹೆಂಡತಿಯ ಕಡೆಗೆ ಕಾನ್ಸುಲನ ಹೆಂಡತಿ ಹೆಜ್ಜೆಯಿಡಬಾರದು. ನಾನೇ ಮುಂದೆ ಬಂದು ನಿನ್ನ ಕೆನ್ನೆಗೆ ಮುತ್ತಿಟ್ಟೆ, ಪರರ ಮನೆಯವಳ ಹಾಗೆ. ನನಗೆ ಅಕ್ಕ ಬೇಕಾಗಿದ್ದಳು, ಆ ದಿನ ಸಿಗಲಿಲ್ಲ.

ಮದುವೆಯಾಗಿ ನಾನು ಏನೇನು ಕಳೆದುಕೊಂಡೆ ಎಂದು ನೀನು ಯಾವತ್ತೂ ಕೇಳಲಿಲ್ಲ. ನಾನೇ ಹೇಳುತ್ತೇನೆ. ನಿನ್ನನ್ನು ಕಳೆದುಕೊಂಡೆ, ಬೇರೆ ಒಂದು ಚೂರನ್ನೂ ಅಲ್ಲ. ಇಲ್ಲಿ ನಮ್ಮವರು ಬೆಳಿಗ್ಗೆ ಎದ್ದು ನನಗೆ ಚಿಪ್ಪುಮೀನು ಬಿಡಿಸಿ ಕೊಡುತ್ತಾರೆ, ಅರ್ಧ ಅವರೇ ತಿನ್ನುತ್ತಾರೆ. ಪ್ರತಿದಿನ ಜಗಳ. ಹದಿನೆಂಟು ವರ್ಷವಾಯಿತು, ಒಂದು ದಿನವೂ ಬೇಸರ ಬಂದಿಲ್ಲ.

ಈ ವಸಂತದಲ್ಲಿ ನೀನು ಬರೆದ ಕಾಗದಗಳಲ್ಲಿ ನೀನು ನಗುತ್ತಿದ್ದೆ. ಅವನ್ನು ನಾನು ನಾಲ್ಕು ನಾಲ್ಕು ಸಲ ಓದಿದ್ದೇನೆ. ನನ್ನ ಅಕ್ಕನನ್ನು ಆ ಕುರ್ಚಿಗೆ ಕೊಡಲು ನನಗೆ ಇಷ್ಟವಿಲ್ಲ.

ಪೌಲ್ಲಾ


ರೋಮ್, ಅಲ್ಲ, ಅಪ್ಪಿಯಾ ರಸ್ತೆಯ ಎರಡನೆಯ ಮೈಲಿಗಲ್ಲು
ಆಗಸ್ಟ್ ಐದರ ನೋನ್ಸ್‌ಗೆ ಎರಡು ದಿನ ಮೊದಲು

ಪುಟ್ಟಿ,

ಮೊದಲು ನಿನ್ನ ಕಾಗದಕ್ಕೆ ಉತ್ತರ. ನೀನು ಬರೆದದ್ದು ನಿಜ. ನೋಡಿದೆ, ಕದಲಲಿಲ್ಲ. ಸಬೂಬು ಹುಡುಕಿದೆ, ಒಂದೂ ಸಿಗಲಿಲ್ಲ. ತಪ್ಪಾಯಿತು ಕಣೇ. ಮೂರು ದಿನ ಅತ್ತೆ, ನಾಲ್ಕನೆಯ ದಿನ ತೋಟಕ್ಕೆ ಹೋಗಿ ಹೌದು ಎಂದೆ. ಹುಳ ನೋಡಲು ಬಂದದ್ದಲ್ಲ ಎಂದೂ ಹೇಳಿದೆ. "ನನಗೆ ಮಾರ್ಚ್‌ನಲ್ಲೇ ಗೊತ್ತಿತ್ತು, ನೀವು ಅವಸರ ಮಾಡೋರಲ್ಲ ಅಂತ ಸುಮ್ನಿದ್ದೆ" ಎಂದ. ಎಂಥ ಜಂಭ ನೋಡು.

ಮೊನ್ನೆ ಸಭೆ. ದೊಡ್ಡಮ್ಮ ಹೆಸರು ಹೇಳಿದರು. ನನ್ನದೇ ಹೆಸರು.

ಹೋಗಿ ಕೂತೆ. ಹೌದು, ಕೂತೆ. ಇಪ್ಪತ್ತು ವರ್ಷ ಕಾದು, ಕೂರದೇ ಬಿಡುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಕುರ್ಚಿ ಬೆನ್ನಿಗೆ ಒತ್ತುತ್ತದೆ. ನಲವತ್ತು ಜನ ಒಬ್ಬೊಬ್ಬರೇ ಬಂದು ಕೆನ್ನೆಗೆ ಮುತ್ತಿಟ್ಟರು. ಕೊನೆಗೆ ವೆಡಿಯಾ. ಅವಳ ಕೆನ್ನೆ ಒದ್ದೆಯಾಗಿತ್ತು. ಸೋತದ್ದಕ್ಕೆ ಅಳುತ್ತಿದ್ದಾಳೆ ಎಂದುಕೊಂಡೆ, ಗೆದ್ದ ಖುಷಿ ಅಲ್ಲಿಗೆ ಮುಗಿಯಿತು. ಎದ್ದು ನಿಂತೆ.

"ದೊಡ್ಡಮ್ಮ, ಹದಿನೇಳನೇ ಕಟ್ಟಳೆ ಒಂದ್ಸಲ ಓದಿಸ್ಬೇಕು."

"ಈಗ್ಯಾಕೆ ಅದು?"

"ನನಗೆ ತಗಲುತ್ತೆ. ನಾನು ಮದುವೆ ಆಗ್ತಿದ್ದೀನಿ."

"ಯಾರನ್ನೇ?"

"ಬಸವನಹುಳದವರನ್ನ."

ಎಲ್ಲೋ ಹಿಂದೆ ಯಾರೋ ಕಿಸಕ್ಕೆಂದರು. ದೊಡ್ಡಮ್ಮ ನನ್ನನ್ನೇ ನೋಡಿದರು. "ಮೂವತ್ತೊಂದು ತಿನ್ನಿಸಿದ್ನಲ್ಲ, ಅವನಾ?"

"ಅವರೇ."

"ಕೈರುಚಿ ಚೆನ್ನಾಗಿದೆ ಬಿಡು. ನೋಡು, ಚಕ್ರವರ್ತಿಗೆ ಹೇಳಿ ನಿನಗೊಬ್ಬಳಿಗೆ ವಿನಾಯಿತಿ ಕೊಡಿಸ್ತೀನಿ. ಅವನು ತೋಟದಲ್ಲಿರ್ಲಿ, ನೀನು ಇಲ್ಲಿರು. ಯಾರ ಕಣ್ಣಿಗೂ ಬೀಳದ ಹಾಗೆ ಹೋಗಿ ಬಂದು ಮಾಡ್ಕೊ."

ಇದನ್ನು ನಾನು ಎಣಿಸಿರಲಿಲ್ಲ ಪುಟ್ಟಿ. ಎರಡೂ ಸಿಗುತ್ತಿತ್ತು. ಆ ಮನುಷ್ಯ ಬೇಲಿಯ ಹಿಂದೆ ಅಡಗಿ ಕೂರುವುದನ್ನು ಕಣ್ಣ ಮುಂದೆ ತಂದುಕೊಂಡೆ. ನಿನ್ನನ್ನೂ ನೆನೆದೆ.

"ಕದ್ದು ಹೋಗಿ ಬರೋಕೆ ನನಗೆ ವಯಸ್ಸಾಯ್ತು ದೊಡ್ಡಮ್ಮ. ನೇರವಾಗೇ ಹೋಗ್ತೀನಿ" ಎಂದೆ.

"ಅಲ್ವೇ, ಆ ಕಟ್ಟಳೆ ಬರೆಸಿದೋಳು ನೀನೇ ತಾನೆ?"

"ನಾನೇ. ಎಲ್ಲೂ ಸಂದಿ ಬಿಟ್ಟಿಲ್ಲ."

ಆಗ ನಗು ಎದ್ದಿತು ನೋಡು, ದೊಡ್ಡಮ್ಮನಿಂದ ಹಿಡಿದು ಬಾಗಿಲು ಕಾಯುವವಳವರೆಗೆ. ಗೇಲಿಯ ನಗುವೂ ಇತ್ತು, ಇಲ್ಲವೆನ್ನುವುದಿಲ್ಲ. ಮದುವೆಯ ದಿನದವರೆಗೆ ಕಾಯದೆ ಬಾಗಿಲಲ್ಲೇ ಮುತ್ತಿನ ಚಪ್ಪಲಿ ಕಳಚಿಟ್ಟೆ. ಪಟ್ಟವಿಲ್ಲದವನ ಹೆಂಡತಿ ಮೇಲ್ಹೊದಿಕೆಯಿಲ್ಲದ ಹೇಸರಗತ್ತೆಯ ಗಾಡಿಯಲ್ಲಿ ಹೋಗಬೇಕು, ಅದು ನಾಲ್ಕನೆಯ ಕಟ್ಟಳೆ, ಅದನ್ನು ಬರೆಸಿದವಳೂ ನಾನೇ. ಗುಡ್ಡದ ಕೆಳಗೆ ಮೆಟ್ಟಿಯಸ್ ಅಂಥದೇ ಗಾಡಿ ತಂದು ನಿಂತಿದ್ದರು. ಆಗಸ್ಟ್ ಬಿಸಿಲು. ಊರ ಬಾಗಿಲು ದಾಟುವಷ್ಟರಲ್ಲಿ ನನ್ನ ಮೂಗು ಸುಟ್ಟು ಕೆಂಪಾಯಿತು, ಅವರು ಅದನ್ನು ನೋಡಿ ನಗುತ್ತಲೇ ಗಾಡಿ ಹೊಡೆದರು.

ಮದುವೆ ಸೆಪ್ಟೆಂಬರ್ ಇಡಸ್ ಆದ ಮೂರನೆಯ ದಿನ. ನೀನು ಬರದಿದ್ದರೆ ನಾನು ಹೊಸಿಲು ದಾಟುವುದಿಲ್ಲ.

ನಿನ್ನ ಅಕ್ಕ, ಪಟ್ಟ ಇಲ್ಲದವಳು
ನೆರಾಟಿಯಾ


ಟರೆಂಟಂ
ಆಗಸ್ಟ್ ಇಡಸ್ ಆದ ಐದನೆಯ ದಿನ

ಅಕ್ಕಾ,

ಹೊರಟಿದ್ದೇವೆ. ಈ ಕಾಗದ ನಮಗಿಂತ ಮೊದಲು ಬಂದರೆ ಎಂಟು ಜನಕ್ಕೆ ಹಾಸಿಗೆ ಹಾಕಿಸು. ನಮ್ಮವರು ಎರಡು ಕುರಿಗಳನ್ನೂ ತರುತ್ತಿದ್ದಾರೆ, ಅಂಗಿ ಸಮೇತ. ನಾನು ಓದುತ್ತಾ ಅತ್ತೆ, ಬರೆಯುತ್ತಾ ನಗುತ್ತಿದ್ದೇನೆ, ಅಕ್ಷರ ಹೀಗಿರುವುದು ಅದಕ್ಕೇ.

ಪೌಲ್ಲಾ


ರೋಮ್
ಅಕ್ಟೋಬರ್ ಏಳರ ನೋನ್ಸ್‌ನ ದಿನ

ನೆರಾಟಿಯಾ ಅವರಿಗೆ, ವೆಡಿಯಾ ಬರೆಯುವುದು.

ನಿಮ್ಮನ್ನು ಈಗ ಹೇಗೆ ಸಂಬೋಧಿಸಬೇಕೋ ತಿಳಿಯದೆ ಮೂರು ಸಲ ಮೇಣದ ಹಲಗೆ ಕೆರೆದೆ. ನಿಮ್ಮ ಕಟ್ಟಳೆಗಳಲ್ಲಿ ಇದಕ್ಕೆ ಉತ್ತರವಿಲ್ಲ.

ಕುರ್ಚಿ ನನಗೆ ಬಂದದ್ದು ನಿಮಗೆ ಗೊತ್ತಿರಬೇಕು. ಒಂದು ಸತ್ಯ ಹೇಳಬೇಕಾಗಿದೆ. ತಲೆ ಬಾಚುವವರು ಹೇಳಿದ್ದು ಸುಳ್ಳಲ್ಲ. ಓಸ್ಟಿಯಾದಲ್ಲಿ ಅರೆಲ್ಲಿಯಸ್ ಎಂಬವರಿದ್ದಾರೆ. ಆರು ವರ್ಷವಾಯಿತು. ನಿಮ್ಮ ಹದಿನೇಳನೆಯ ಕಟ್ಟಳೆ ಓದಿದಾಗ ಯಾರೂ ನನ್ನ ಮುಖ ನೋಡದಿರಲಿ ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದೆ.

ಆಗಸ್ಟ್‌ನಲ್ಲಿ ನಿಮ್ಮ ಹೆಸರು ಕರೆದಾಗ ನಾನು ಅತ್ತದ್ದು ಖುಷಿಗೆ. ಕುರ್ಚಿಯ ಆಸೆ ಹರಿಯಿತು, ಇನ್ನು ಅವರ ಬಳಿಗೆ ಹೋಗುವುದಕ್ಕೆ ಅಡ್ಡಿಯಿಲ್ಲ ಎಂದು. ಅದೇ ಗಳಿಗೆಯಲ್ಲಿ ನೀವು ಎದ್ದು ಹೋಗಿ ಆ ಕುರ್ಚಿಯನ್ನು ನನ್ನ ತಲೆಗೆ ಕಟ್ಟಿದಿರಿ. ಆ ದಿನ ನಿಮ್ಮನ್ನು ಎಷ್ಟು ಬೈದೆನೆಂದರೆ ಅದನ್ನು ಬರೆಯಲು ಹಲಗೆ ಸಾಲದು. ಆಮೇಲೆ ಕೂತುಬಿಟ್ಟೆ. ಒಮ್ಮೆ ಕೂತರೆ ಏಳುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಬೇಕಾಗಿಲ್ಲ. ಕಟ್ಟಳೆ ತೆಗೆದುಹಾಕೋಣವೆಂದರೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ.

ಅರೆಲ್ಲಿಯಸ್ ಈ ವರ್ಷದ ಕೊನೆಯ ಹಡಗಿನಲ್ಲಿ ಸಿಸಿಲಿಗೆ ಹೋಗುತ್ತಿದ್ದಾರೆ. ಚಳಿಗಾಲಕ್ಕೆ ಸಮುದ್ರದಲ್ಲಿ ಹಡಗು ನಿಲ್ಲುವ ಮುಂಚೆ ಉತ್ತರ ಬೇಕೆಂದಿದ್ದಾರೆ. ಹೌದಾದರೆ ಒಟ್ಟಿಗೆ ಹೋಗುವುದು, ಇಲ್ಲವಾದರೆ ಅವರು ಹಿಂತಿರುಗುವುದಿಲ್ಲ. ಮುಂದಿನ ಸಭೆ ಇಡಸ್‌ನ ದಿನ.

ನಾನು ಕೇಳುವುದು ಒಂದೇ. ಆ ಕುರ್ಚಿಯಿಂದ ಎದ್ದು ಬಾಗಿಲಿಗೆ ಹೋಗುವಾಗ ನಿಮ್ಮ ಕಾಲು ನಡುಗಲಿಲ್ಲವೇ? ಇದನ್ನು ರೋಮಿನಲ್ಲಿ ನಿಮ್ಮನ್ನು ಬಿಟ್ಟು ಇನ್ಯಾರನ್ನು ಕೇಳಲಿ.

ವೆಡಿಯಾ


ಅಪ್ಪಿಯಾ ರಸ್ತೆ, ಎರಡನೆಯ ಮೈಲಿಗಲ್ಲು
ಮಾರನೆಯ ದಿನ

ವೆಡಿಯಾ,

ನಿಮ್ಮ ಆಳು ಕಾದು ನಿಂತಿದ್ದಾನೆ, ಆದ್ದರಿಂದ ಚುಟುಕಾಗಿ ಬರೆಯುತ್ತೇನೆ. ನನ್ನ ತಂಗಿ ಪಕ್ಕದಲ್ಲಿ ಕೂತು "ಬೇಗ ಬರಿ, ಬೇಗ ಬರಿ" ಎಂದು ಮೊಣಕೈ ತಿವಿಯುತ್ತಿದ್ದಾಳೆ. ಮದುವೆಗೆ ಬಂದವಳು ಇನ್ನೂ ಹೋಗಿಲ್ಲ, ನಾನೂ ಬಿಟ್ಟಿಲ್ಲ.

ಆ ಕಟ್ಟಳೆಯನ್ನು ತೆಗೆಯಲು ಹೋಗಬೇಡಿ. ನಿಮ್ಮ ಮೇಲೆ ಎಸೆಯಲೆಂದೇ ಅದನ್ನು ಬರೆದೆ, ಅದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ನನಗೆ ಏನು ಬೇಕಾಗಿತ್ತು ಎಂದು ಅದಿಲ್ಲದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ.

ನಡುಗಿದವು. ಕುರ್ಚಿಯಿಂದ ಬಾಗಿಲಿಗೆ ಹದಿನಾರು ಹೆಜ್ಜೆ. ಬೇರೆಲ್ಲಿ ನೋಡಬೇಕೆಂದು ಗೊತ್ತಾಗದೆ ನೆಲ ನೋಡಿಕೊಂಡು ಎಣಿಸಿದೆ. ಎಂಟರವರೆಗೆ ಬಿದ್ದೇಹೋಗುತ್ತೇನೆ ಎಂದುಕೊಂಡೆ. ಒಂಬತ್ತರಲ್ಲಿ ತಿರುಗಿ ಹೋಗಿ ಕೂತುಬಿಡೋಣ ಎನ್ನಿಸಿತು. ಹತ್ತರಲ್ಲಿ ಹಸಿವಾಯಿತು.

ಕಷ್ಟವಾಗುವುದು ಒಂಬತ್ತೇ ಹೆಜ್ಜೆ ವೆಡಿಯಾ. ಎಣಿಸಿಕೊಂಡು ನಡೆಯಿರಿ.

ನೆರಾಟಿಯಾ